ಫ್ರೆಂಚ್ ಪ್ರೆಸ್: ಒಂದು ಕಾಫಿ ಪಾತ್ರೆಯ ಚರಿತ್ರೆ

ಚರಿತ್ರೆಯೆಂದರೆ ಅರಸರ ಪಟ್ಟಾಭಿಷೇಕ, ಯುದ್ಧ, ಒಪ್ಪಂದ ಇವುಗಳ ಪಟ್ಟಿಯೆಂಬ ಭಾವನೆ ನಮ್ಮ ಪಾಠಶಾಲೆಗಳಲ್ಲಿ ಬಹುಕಾಲದಿಂದ ಬೇರೂರಿದೆ. ಆದರೆ ಅರಸನು ಆಯುಷ್ಯದಲ್ಲಿ ಒಮ್ಮೆ ಪಟ್ಟವೇರಿದರೆ, ಪ್ರಜೆಯ ಮನೆಯಲ್ಲಿ ದಿನಕ್ಕೆ ಎರಡು ಸಲ ಒಲೆಯ ಮೇಲೆ ನೀರು ಏರುತ್ತದೆ. ಅಡುಗೆಮನೆಯ ಪಾತ್ರೆಪಡಗಗಳಿಗೂ ಹುಟ್ಟು, ವಲಸೆ, ಏಳುಬೀಳು ಎಲ್ಲವೂ ಉಂಟು. ಅಂತಹ ಒಂದು ಪಾತ್ರೆಯ ಚರಿತ್ರೆಯನ್ನು ಉಪಾಧ್ಯಾಯ ಬಂಧುಗಳ ಮತ್ತು ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ. ಅದನ್ನು ಲೋಕವು ‘ಫ್ರೆಂಚ್ ಪ್ರೆಸ್’ ಎಂದು ಕರೆಯುತ್ತದೆ. ಈಚಿನ ವರುಷಗಳಲ್ಲಿ ನಮ್ಮ ಪಟ್ಟಣಗಳ ಅಂಗಡಿಗಳಲ್ಲಿಯೂ ಇದು ಕಾಣಿಸಿಕೊಳ್ಳುತ್ತಿದೆ.

ಮೊದಲು ಪಾತ್ರೆಯ ಸ್ವರೂಪವನ್ನು ನೋಡೋಣ. ಒಂದು ಉದ್ದನೆಯ ಗಾಜಿನ ಕೊಳವೆಪಾತ್ರೆ, ಅದಕ್ಕೆ ಹಿಡಿಯುಳ್ಳ ಲೋಹದ ಚೌಕಟ್ಟು, ಮೇಲೆ ಮುಚ್ಚಳ. ಮುಚ್ಚಳದ ನಡುವಿನ ರಂಧ್ರದಲ್ಲಿ ಒಂದು ಸಣ್ಣ ಕಂಬಿ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಕಂಬಿಯ ಕೆಳತುದಿಯಲ್ಲಿ ಪಾತ್ರೆಯ ಒಳಸುತ್ತಳತೆಗೆ ಸರಿಯಾದ ತಂತಿಜಾಲರಿಯ ಬಿಲ್ಲೆ. ತರಿಯಾಗಿ ಬೀಸಿದ ಕಾಫಿಪುಡಿಯನ್ನು ಪಾತ್ರೆಗೆ ಹಾಕಿ, ಬಿಸಿನೀರು ಹೊಯ್ದು, ನಾಲ್ಕು ನಿಮಿಷ ನೆನೆಯಗೊಟ್ಟು, ಬಳಿಕ ಕಂಬಿಯನ್ನು ಮೆಲ್ಲನೆ ಒತ್ತಿದರೆ ಜಾಲರಿಯು ಚರಟವನ್ನೆಲ್ಲ ತಳಕ್ಕೆ ತಳ್ಳುತ್ತದೆ. ತಿಳಿಯಾದ ಕಾಫಿ ಮೇಲೆ ನಿಲ್ಲುತ್ತದೆ. ನೆನೆಸುವುದು, ಒತ್ತುವುದು, ಬಗ್ಗಿಸುವುದು, ಇಷ್ಟೇ ಕೆಲಸ.

ಇಷ್ಟು ಸರಳವಾದ ಪಾತ್ರೆಯನ್ನು ಮೊದಲು ಕಂಡುಹಿಡಿದವರು ಯಾರು? ಹೆಸರೇ ಉತ್ತರ ಹೇಳುತ್ತಿದೆಯಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಹೆಸರನ್ನು ನಂಬಿದರೆ ಇದು ಫ್ರಾನ್ಸಿನದು. ದಾಖಲೆಗಳನ್ನು ನಂಬಿದರೆ ವಿಷಯ ಅಷ್ಟು ಸಲೀಸಾಗಿಲ್ಲ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆಯನ್ನು ಇಟ್ಟುಕೊಂಡು ಈ ಪಾತ್ರೆಯ ಜಾತಕವನ್ನು ಬಿಡಿಸಿ ನೋಡಬೇಕಾಗಿದೆ. ಅದಕ್ಕೆ ಮುಂಚೆ, ಇಂತಹದೊಂದು ಪಾತ್ರೆ ಏಕೆ ಬೇಕಾಯಿತು ಎಂಬುದನ್ನು ತಿಳಿಯುವುದು ಅವಶ್ಯ.

ಕಾಫಿಯ ಇತಿಹಾಸದಲ್ಲಿ ಮೊದಲ ಯುಗ ಕುದಿಸುವ ಯುಗ. ಹದಿನೈದನೆಯ ಶತಮಾನದಲ್ಲಿ ಅರೇಬಿಯದ ದಕ್ಷಿಣ ಮೂಲೆಯ ಯೆಮೆನ್ ದೇಶದ ಸೂಫಿ ಸಾಧಕರು ರಾತ್ರಿಯ ಜಾಗರಣೆಗೆಂದು ಈ ಪಾನೀಯವನ್ನು ಸೇವಿಸುತ್ತಿದ್ದರು. ಅಲ್ಲಿಂದ ಅದು ಮೆಕ್ಕಾ, ಕೈರೋ ನಗರಗಳಿಗೆ ಬಂದಿತು. ೧೫೫೫ರ ಸುಮಾರಿಗೆ ತುರ್ಕರ ರಾಜಧಾನಿಯಾದ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕಾಫಿಯಂಗಡಿಗಳು ತೆರೆದವು. ತುರ್ಕರ ಕ್ರಮದಲ್ಲಿ ಕಾಫಿಯನ್ನು ಹಿಟ್ಟಿನಷ್ಟು ನಯವಾಗಿ ಬೀಸಿ, ಉದ್ದ ಹಿಡಿಯ ಚಿಕ್ಕ ಪಾತ್ರೆಯಲ್ಲಿ ನೀರಿನೊಡನೆ ಉಕ್ಕಿಸಿ, ಸೋಸದೆಯೇ ಬಟ್ಟಲಿಗೆ ಸುರಿಯುತ್ತಾರೆ. ಚರಟ ತಾನಾಗಿ ಬಟ್ಟಲಿನ ತಳಕ್ಕೆ ಇಳಿಯಬೇಕು. ಕುಡಿಯುವವನು ಅದನ್ನು ಕದಡದೆ ಮೇಲಿನದನ್ನು ಹೀರಬೇಕು. ಆ ನಾಡಿನ ರುಚಿಗೆ ಅದು ಒಗ್ಗಿತು; ಇಂದಿಗೂ ಅಲ್ಲಿ ಅದೇ ಪದ್ಧತಿ.

ಹದಿನೇಳನೆಯ ಶತಮಾನದಲ್ಲಿ ಕಾಫಿ ಯುರೋಪಿಗೆ ಹೋಯಿತು. ಲಂಡನ್ನಿನಲ್ಲಿ ೧೬೫೨ರಲ್ಲಿ ಮೊದಲ ಕಾಫಿಯಂಗಡಿ ತೆರೆಯಿತು. ೧೬೬೯ರಲ್ಲಿ ತುರ್ಕಿ ಸುಲ್ತಾನನ ರಾಯಭಾರಿಯಾಗಿ ಸುಲೇಮಾನ್ ಆಗಾ ಎಂಬವನು ಹದಿನಾಲ್ಕನೆಯ ಲೂಯಿಯ ಆಸ್ಥಾನಕ್ಕೆ ಬಂದಾಗ, ಅವನ ಬಿಡಾರದಲ್ಲಿ ಕಾಫಿಯ ಸತ್ಕಾರ ಪಡೆದ ಪ್ಯಾರಿಸಿನ ಶ್ರೀಮಂತ ವರ್ಗಕ್ಕೆ ಅದರ ಹುಚ್ಚು ಹಿಡಿಯಿತು. ೧೬೮೬ರಲ್ಲಿ ಪ್ಯಾರಿಸಿನಲ್ಲಿ ‘ಪ್ರೊಕೋಪ್’ ಎಂಬ ಕಾಫಿಮನೆ ಆರಂಭವಾಯಿತು. ಫ್ರೆಂಚರ ಕಾಫಿ ಸಂಸ್ಕೃತಿಗೆ ಮೂಲಸ್ತಂಭವೆಂದು ಹೇಳಲಾಗುವ ಈ ಮನೆಯನ್ನು ಸ್ಥಾಪಿಸಿದ ಪ್ರೊಕೋಪಿಯೋ ಫ್ರೆಂಚನಲ್ಲ, ಇಟಲಿಯ ಸಿಸಿಲಿಯವನು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇಂತಹದೇ ಸಂಗತಿಗಳು ಮತ್ತೆ ಬರುತ್ತವೆ.

ಕುದಿಸಿದ ಕಾಫಿಯಲ್ಲಿ ಫ್ರೆಂಚರಿಗೆ ಎರಡು ದೋಷಗಳು ಕಂಡವು. ಒಂದು, ಬಾಯಿಗೆ ಸಿಗುವ ಚರಟ; ಇನ್ನೊಂದು, ಕುದಿತದಿಂದ ಹೆಚ್ಚುವ ಕಹಿ. ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿಯೇ ಅವರು ಪುಡಿಯನ್ನು ಬಟ್ಟೆಯ ಚೀಲದಲ್ಲಿಟ್ಟು ಬಿಸಿನೀರಿನಲ್ಲಿ ನೆನೆಸತೊಡಗಿದರು. ೧೮೦೦ರ ಸುಮಾರಿಗೆ ಎರಡಂತಸ್ತಿನ ಪಾತ್ರೆಯೊಂದು ಬಳಕೆಗೆ ಬಂದಿತು. ಮೇಲಂತಸ್ತಿನ ತಳದಲ್ಲಿ ಸಣ್ಣ ತೂತುಗಳು, ಅಲ್ಲಿ ಪುಡಿ, ಅದರ ಮೇಲೆ ಹೊಯ್ದ ನೀರು ತೊಟ್ಟುತೊಟ್ಟಾಗಿ ಕೆಳಗಿನ ಅಂತಸ್ತಿಗೆ ಇಳಿಯುತ್ತದೆ. ಇದನ್ನು ಪ್ಯಾರಿಸಿನ ಆರ್ಚ್‌ಬಿಷಪ್ ದ ಬೆಲ್ವಾನ ಹೆಸರಿನಿಂದ ಕರೆಯುವುದು ರೂಢಿಯಾಯಿತು. ಈ ವರ್ಣನೆಯನ್ನು ಓದಿದೊಡನೆ ನಮ್ಮ ಮನೆಗಳ ಹಿತ್ತಾಳೆಯ ಫಿಲ್ಟರು ಎಲ್ಲರ ಕಣ್ಣಮುಂದೆ ಬಂದಿರಬೇಕು. ಎರಡರ ತತ್ತ್ವವೂ ಒಂದೇ, ಸಂದೇಹವಿಲ್ಲ. ಆದರೆ ತತ್ತ್ವ ಒಂದೇ ಎಂದ ಮಾತ್ರಕ್ಕೆ ವಂಶವೂ ಒಂದೇ ಎಂದು ತೀರ್ಮಾನಿಸುವುದು ಚರಿತ್ರಕಾರನಿಗೆ ಸಲ್ಲದು.

ಕುದಿಸಬಾರದೇಕೆ ಎಂಬುದಕ್ಕೆ ಶಾಸ್ತ್ರೀಯವಾದ ಉತ್ತರ ಕೊಡಲು ಯತ್ನಿಸಿದವರಲ್ಲಿ ರಮ್‌ಫರ್ಡ್ ಪ್ರಮುಖನು. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಹೆಸರು ಅಪರಿಚಿತವಲ್ಲ. ಮ್ಯೂನಿಕ್ ನಗರದಲ್ಲಿ ಫಿರಂಗಿಗಳನ್ನು ಕೊರೆಯುವಾಗ ಉಂಟಾಗುವ ಶಾಖವನ್ನು ಪರೀಕ್ಷಿಸಿ, ಶಾಖವು ಒಂದು ದ್ರವ್ಯವಲ್ಲ, ಚಲನೆಯ ರೂಪವೆಂದು ೧೭೯೮ರಲ್ಲಿ ಪ್ರತಿಪಾದಿಸಿದವನು ಇವನೇ. ಹುಟ್ಟಿದ್ದು ಅಮೆರಿಕದಲ್ಲಿ, ಪದವಿ ಪಡೆದದ್ದು ಬವೇರಿಯದಲ್ಲಿ, ೧೭೯೯ರಲ್ಲಿ ಸ್ಥಾಪನೆಯಾದ ರಾಯಲ್ ಇನ್‌ಸ್ಟಿಟ್ಯೂಷನ್ನಿಗಾಗಿ ಶ್ರಮಿಸಿದ್ದು ಲಂಡನ್ನಿನಲ್ಲಿ, ೧೮೧೪ರಲ್ಲಿ ತೀರಿಕೊಂಡದ್ದು ಪ್ಯಾರಿಸಿನ ಬಳಿ. ಇವನು ೧೮೧೨ರಲ್ಲಿ ಕಾಫಿಯ ಗುಣಗಳನ್ನೂ ಅದನ್ನು ಉತ್ತಮವಾಗಿ ತಯಾರಿಸುವ ವಿಧಾನವನ್ನೂ ಕುರಿತು ಒಂದು ಪ್ರಬಂಧವನ್ನೇ ಪ್ರಕಟಿಸಿದನು. ಕಾಫಿಯ ಸುವಾಸನೆ ಹಬೆಯೊಡನೆ ಹಾರಿಹೋಗುವ ವಸ್ತು. ಆದುದರಿಂದ ಕುದಿಸಿದಷ್ಟೂ ನಷ್ಟ. ನೀರು ಬಿಸಿಯಾಗಿರಬೇಕು, ಆದರೆ ಕಾಫಿಯೊಡನೆ ಕುದಿಯಬಾರದು. ಇದು ಅವನ ವಾದದ ತಿರುಳು. ಮನೆಯೆಲ್ಲ ಘಮಘಮಿಸಿತೆಂದು ನಾವು ಹಿಗ್ಗುತ್ತೇವೆ. ರಮ್‌ಫರ್ಡನ ಲೆಕ್ಕದಲ್ಲಿ ಗಾಳಿಗೆ ಹೋದ ಪರಿಮಳವೆಲ್ಲ ಲೋಟಕ್ಕೆ ಬಾರದೆ ಹೋದ ಪರಿಮಳ.

ಅದೇ ಕಾಲದಲ್ಲಿ ಇನ್ನೊಂದು ಸಂಗತಿ ನಡೆಯಿತು. ನೆಪೋಲಿಯನ್ನನು ೧೮೦೬ರಲ್ಲಿ ಇಂಗ್ಲೆಂಡಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದಾಗ ಸಮುದ್ರದಾಚೆಯಿಂದ ಬರುವ ಕಾಫಿ ಅಭಾವವಾಯಿತು. ಫ್ರಾನ್ಸಿನ ಜನ ಚಿಕೋರಿಯ ಬೇರನ್ನು ಹುರಿದು ಬೀಸಿ ಕಾಫಿಗೆ ಬೆರೆಸುವುದನ್ನು ಆಗ ಬಲವಾಗಿ ರೂಢಿಸಿಕೊಂಡರು. ನಮ್ಮ ಅಂಗಡಿಗಳಲ್ಲಿ ‘ಚಿಕೋರಿ ಎಷ್ಟು ಹಾಕಲಿ?’ ಎಂದು ಕೇಳುವ ಪ್ರಶ್ನೆಯ ಹಿಂದೆ ಇಂತಹ ಯುದ್ಧಕಾಲದ ನೆನಪೂ ಅಡಗಿದೆ. ೧೮೨೫ರಲ್ಲಿ ಭೋಜನರಸಿಕನಾದ ಬ್ರಿಯಾ ಸಾವರಿನ್ ತನ್ನ ಗ್ರಂಥದಲ್ಲಿ ನಾನಾ ವಿಧಾನಗಳನ್ನು ಪರೀಕ್ಷಿಸಿ ದ ಬೆಲ್ವಾ ಪಾತ್ರೆಗೇ ಮನ್ನಣೆ ಕೊಟ್ಟನು. ಕಾಫಿಯನ್ನು ಕುದಿಸದೆ, ಚರಟವಿಲ್ಲದೆ ಪಡೆಯುವ ಹಂಬಲ ಹೀಗೆ ಫ್ರಾನ್ಸಿನಲ್ಲಿ ಬಲಿತಿತ್ತು.

ಇನ್ನು ನಮ್ಮ ಪಾತ್ರೆಯ ಹುಟ್ಟಿನ ವಿಚಾರ. ೧೮೫೨ರಲ್ಲಿ ಪ್ಯಾರಿಸಿನಲ್ಲಿ ಮೇಯರ್ ಮತ್ತು ದೆಲ್ಫೋರ್ಜ್ ಎಂಬ ಇಬ್ಬರು ಒಂದು ಪೇಟೆಂಟ್ ಪಡೆದರು. ಪೇಟೆಂಟ್ ಎಂದರೆ ಹೊಸ ಉಪಾಯವೊಂದರ ಮೇಲೆ ಕೆಲವು ವರ್ಷಗಳ ಮಟ್ಟಿಗೆ ಸರಕಾರವು ಕೊಡುವ ಹಕ್ಕುಪತ್ರ. ಅವರ ವಿವರಣೆಯಲ್ಲಿ ಒಂದು ಕಂಬಿಗೆ ತೂತುಗಳುಳ್ಳ ತಗಡಿನ ಬಿಲ್ಲೆ. ಅದರ ಮೇಲೊಂದು ಕೆಳಗೊಂದು ಫ್ಲಾನೆಲ್ ಬಟ್ಟೆಯ ಪದರ. ಇದನ್ನು ಕೊಳವೆಯಾಕಾರದ ಪಾತ್ರೆಯೊಳಗೆ ಒತ್ತಿದರೆ ಕಾಫಿ ಸೋಸಿ ಬರುತ್ತದೆ. ಫ್ರೆಂಚ್ ಪ್ರೆಸ್ಸಿನ ಮೂಲಭಾವನೆ ಇಲ್ಲಿ ಸ್ಪಷ್ಟವಾಗಿದೆ.

ಹಾಗಾದರೆ ಪ್ರಶ್ನೆ ಇತ್ಯರ್ಥವಾಯಿತೇ? ಇಲ್ಲಿ ವಿದ್ಯಾರ್ಥಿಗಳು ಸ್ವಲ್ಪ ನಿಲ್ಲಬೇಕು. ೧೮೪೪ರ ಫ್ರೆಂಚ್ ಕಾನೂನಿನಂತೆ ಪೇಟೆಂಟನ್ನು ಮುಂಚಿತವಾಗಿ ಯಾವ ಪರೀಕ್ಷೆಯನ್ನೂ ಮಾಡದೆ, ಅರ್ಜಿದಾರನ ಸ್ವಂತ ಹೊಣೆಯ ಮೇಲೆ ಕೊಡಲಾಗುತ್ತಿತ್ತು. ಉಪಾಯವು ನಿಜವಾಗಿ ಹೊಸದೇ, ಮೊದಲಿಗನು ಇವನೇ ಎಂಬುದಕ್ಕೆ ಸರಕಾರವು ಜಾಮೀನಲ್ಲವೆಂದು ಆ ಕಾಲದ ಫ್ರೆಂಚ್ ಸರಕುಗಳ ಮೇಲೆ ನಾಲ್ಕಕ್ಷರಗಳ ಮುದ್ರೆಯನ್ನೇ ಒತ್ತುತ್ತಿದ್ದರು. ಆದುದರಿಂದ ೧೮೫೨ರ ಪತ್ರವು ಸಾಕ್ಷಿ ಹೇಳುವುದು ಇಷ್ಟೇ: ಆ ವರ್ಷ ಆ ಇಬ್ಬರು ಇಂತಹ ಪಾತ್ರೆಯನ್ನು ತಮ್ಮದೆಂದು ಬರೆಯಿಸಿದರು. ಅದಕ್ಕೂ ಮುಂಚೆ ಯಾರೂ ಹೀಗೆ ಮಾಡಿರಲಿಲ್ಲವೆಂದು ಅದು ಹೇಳುವುದಿಲ್ಲ. ದಾಖಲೆಯೊಂದು ಕೈಗೆ ಸಿಕ್ಕಾಗ, ಅದು ಏನನ್ನು ಹೇಳುತ್ತದೆ ಎಂಬುದರಷ್ಟೇ ಏನನ್ನು ಹೇಳುವುದಿಲ್ಲ ಎಂಬುದೂ ಮುಖ್ಯ. ಶಾಸನ ಓದುವವರಿಗೂ ಇದು ಮೊದಲ ಪಾಠ.

ದಾಖಲೆ ಮಿತಭಾಷಿ, ಕಥೆ ವಾಚಾಳಿ. ಈ ಪಾತ್ರೆಯ ಬಗ್ಗೆ ಒಂದು ಕಥೆ ಪ್ರಚಾರದಲ್ಲಿದೆ. ಒಬ್ಬ ಫ್ರೆಂಚ್ ಮುದುಕ ಬೆಟ್ಟದ ಮೇಲೆ ನೀರು ಕುದಿಸಿದನಂತೆ. ಕಾಫಿ ಹಾಕುವುದನ್ನು ಮರೆತು ಆಮೇಲೆ ಹಾಕಿದನಂತೆ. ಪುಡಿ ತೇಲಿ ಮೇಲೆ ನಿಂತಿತಂತೆ. ಆ ದಾರಿಯಾಗಿ ಬಂದ ಇಟಲಿಯ ತಿರುಗುವ್ಯಾಪಾರಿಯಿಂದ ತಂತಿಬಲೆಯ ತುಂಡೊಂದನ್ನು ಕೊಂಡು, ಪಾತ್ರೆಯ ಬಾಯಿಗೆ ಹಿಡಿಸಿ, ಕೋಲಿನಿಂದ ಕೆಳಕ್ಕೆ ಒತ್ತಿದನಂತೆ. ಕಾಫಿ ಎಂದಿಗಿಂತ ರುಚಿಯಾಗಿತ್ತಂತೆ. ಕೇಳಲು ಸೊಗಸಾದ ಕಥೆ. ಮುದುಕನಿಗೆ ಹೆಸರಿಲ್ಲ, ಬೆಟ್ಟಕ್ಕೆ ಗುರುತಿಲ್ಲ, ಪ್ರತಿ ವಾಕ್ಯದ ಕೊನೆಯಲ್ಲಿಯೂ ‘ಅಂತೆ’ ಎಂಬ ಪ್ರತ್ಯಯ. ಕನ್ನಡ ಭಾಷೆಯ ಹಿರಿಮೆಯೆಂದರೆ, ಕೇಳಿದ್ದನ್ನೂ ಕಂಡದ್ದನ್ನೂ ಬೇರ್ಪಡಿಸಲು ಅದರಲ್ಲಿ ಇಂತಹ ಒಂದು ಪುಟ್ಟ ಸಾಧನ ಉಂಟು. ಚರಿತ್ರೆಯ ಪಾಠದಲ್ಲಿ ಅದನ್ನು ಎಚ್ಚರದಿಂದ ಬಳಸಿದರೆ ಅರ್ಧ ಕೆಲಸ ಮುಗಿದಂತೆ.

೧೮೫೨ರ ಪಾತ್ರೆ ಮನೆಮಾತಾಗಲಿಲ್ಲ. ಇಂತಹ ಪಾತ್ರೆಯಲ್ಲಿ ಒಂದು ತೊಡಕು ಸಹಜವಾಗಿಯೇ ಉಂಟು. ಬಿಲ್ಲೆಯು ಪಾತ್ರೆಯ ಗೋಡೆಗೆ ಸರಿಯಾಗಿ ಅಂಟಿಕೊಳ್ಳದಿದ್ದರೆ ಸಂದಿನಿಂದ ಚರಟ ಮೇಲಕ್ಕೆ ನುಗ್ಗುತ್ತದೆ. ಬಹಳ ಬಿಗಿಯಾದರೆ ಕೆಳಕ್ಕೆ ಇಳಿಯುವುದೇ ಇಲ್ಲ. ಅಷ್ಟರಲ್ಲಿ ಜನರು ಬೇರೆ ಬೇರೆ ದಾರಿಗಳನ್ನು ಹುಡುಕುತ್ತಿದ್ದರು. ಜರ್ಮನಿಯ ಡ್ರೆಸ್ಡೆನ್ ನಗರದ ಗೃಹಿಣಿ ಮೆಲಿಟ್ಟಾ ಬೆಂಟ್ಸ್, ಹಿತ್ತಾಳೆಯ ಪಾತ್ರೆಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ತನ್ನ ಮಗನ ಶಾಲೆಯ ಪುಸ್ತಕದಿಂದ ಒತ್ತುಕಾಗದವನ್ನು ಹರಿದು ಅದರೊಳಗೆ ಹಾಸಿ ಕಾಫಿ ಸೋಸಿದಳು. ೧೯೦೮ರಲ್ಲಿ ಅದಕ್ಕೆ ಹಕ್ಕನ್ನೂ ಪಡೆದಳು. ಮಸಿ ಹೀರುವ ಕಾಗದ ಕಾಫಿಯ ಚರಟವನ್ನೂ ಹಿಡಿಯಬಲ್ಲುದೆಂದು ಹೊಳೆದದ್ದು ಪ್ರಯೋಗಶಾಲೆಯಲ್ಲಲ್ಲ, ಅಡುಗೆಮನೆಯಲ್ಲಿ. ಮುಂದೆ ಇಟಲಿಯಲ್ಲಿ ಬಿಯಲೆಟ್ಟಿಯ ಮೋಕಾ ಪಾತ್ರೆ ೧೯೩೩ರಲ್ಲಿ ಹೊರಬಂದಿತು. ಅದರಲ್ಲಿ ಹಬೆಯ ಒತ್ತಡವೇ ನೀರನ್ನು ಪುಡಿಯ ಮೂಲಕ ಮೇಲಕ್ಕೆ ನೂಕುತ್ತದೆ.

ಒತ್ತುವ ಪಾತ್ರೆಗೆ ಮರುಹುಟ್ಟು ಬಂದದ್ದೂ ಇಟಲಿಯಲ್ಲಿಯೇ. ಮಿಲಾನ್ ನಗರದ ಅತ್ತಿಲಿಯೋ ಕಲಿಮಾನಿ ಮತ್ತು ಜೂಲಿಯೋ ಮೊನೇತಾ ಎಂಬವರು ೧೯೨೯ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ೧೯೩೧ರಲ್ಲಿ ಅಮೆರಿಕದಲ್ಲಿಯೂ ಅದು ದಾಖಲಾಯಿತು. ಅವರ ಮುಖ್ಯ ಸುಧಾರಣೆ ಬಿಲ್ಲೆಯ ಅಂಚಿನಲ್ಲಿತ್ತು. ಸುತ್ತಲೂ ಸುರುಳಿ ತಂತಿಯ ಸ್ಪ್ರಿಂಗನ್ನು ಅಳವಡಿಸಿದ್ದರಿಂದ ಬಿಲ್ಲೆಯು ಪಾತ್ರೆಯ ಗೋಡೆಯನ್ನು ಎಲ್ಲ ಕಡೆಯೂ ಸಮವಾಗಿ ಒತ್ತಿಕೊಂಡು ಇಳಿಯುವಂತಾಯಿತು. ಹಳೆಯ ತೊಡಕಿಗೆ ಇದು ಪರಿಹಾರ. ಇಂದಿನ ಯಾವ ಫ್ರೆಂಚ್ ಪ್ರೆಸ್ಸನ್ನು ಬಿಚ್ಚಿ ನೋಡಿದರೂ ಜಾಲರಿಯ ಸುತ್ತ ಆ ಸುರುಳಿಯನ್ನು ಸಾಮಾನ್ಯವಾಗಿ ಕಾಣಬಹುದು.

ಪಾತ್ರೆಯ ಗೋಡೆಗೂ ಒಂದು ಚರಿತ್ರೆ ಉಂಟು. ಸಾಮಾನ್ಯ ಗಾಜಿಗೆ ಬಿಸಿನೀರು ಹೊಯ್ದರೆ ಒಳಮೈ ಹಿಗ್ಗುತ್ತದೆ, ಹೊರಮೈ ಹಿಗ್ಗುವುದಿಲ್ಲ, ಗಾಜು ಒಡೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಯೇನಾ ನಗರದಲ್ಲಿ ಆಟೋ ಶಾಟ್ ಎಂಬ ವಿಜ್ಞಾನಿ ಬೋರಾನ್ ಬೆರೆಸಿದ ಗಾಜನ್ನು ತಯಾರಿಸಿದನು. ಅದು ಶಾಖಕ್ಕೆ ಬಹಳ ಕಡಿಮೆ ಹಿಗ್ಗುತ್ತದೆ. ಅಮೆರಿಕದಲ್ಲಿ ೧೯೧೫ರಿಂದ ಇಂತಹ ಗಾಜಿನ ಅಡುಗೆ ಪಾತ್ರೆಗಳು ‘ಪೈರೆಕ್ಸ್’ ಹೆಸರಿನಲ್ಲಿ ಮಾರಾಟಕ್ಕೆ ಬಂದವು. ಶಾಲೆಯ ಪ್ರಯೋಗಶಾಲೆಯ ಬೀಕರಿನ ಗಾಜೂ ಈ ಕುಲದ್ದೇ. ಫ್ರೆಂಚ್ ಪ್ರೆಸ್ ಎಂದರೆ ಹಿಡಿಯೂ ಒತ್ತುಗೋಲೂ ಇರುವ ಒಂದು ಬೀಕರ್ ಎಂದರೆ ತಪ್ಪಾಗದು.

ಮೂರನೆಯ ಘಟ್ಟ ೧೯೫೮ರದು. ಸ್ವಿಟ್ಜರ್ಲೆಂಡಿನ ಇಟಾಲಿಯನ್ ಕುಲದ ಫಾಲಿಯೇರೋ ಬೊಂಡಾನಿನಿ ತನ್ನದೇ ಸುಧಾರಿತ ರೂಪಕ್ಕೆ ಆ ವರ್ಷ ಪೇಟೆಂಟ್ ಪಡೆದನು. ಅದನ್ನು ತಯಾರಿಸಿದ್ದು ಫ್ರಾನ್ಸಿನ ಮಾರ್ಟಿನ್ ಎಂಬ ಕ್ಲಾರಿಯೊನೆಟ್ ಕಾರ್ಖಾನೆಯಲ್ಲಿ. ವಾದ್ಯಕ್ಕೂ ಕಾಫಿಗೂ ಎತ್ತಣ ಸಂಬಂಧವೆಂದು ನಗಬೇಕಾಗಿಲ್ಲ. ಕೊಳವೆ, ಲೋಹದ ಕೀಲು, ಗಾಳಿ ಸೋರದ ಜೋಡಣೆ ಇವುಗಳಲ್ಲಿ ಪಳಗಿದ ಕೈಗಳಿಗೆ ಈ ಕೆಲಸ ಹೊರತಾದದ್ದಲ್ಲ. ಆ ಪಾತ್ರೆಗೆ ಫ್ರಾನ್ಸಿನ ಪ್ರಸಿದ್ಧ ಅರಮನೆಯೊಂದರ ಹೆಸರನ್ನೇ ಇಟ್ಟು ‘ಶಾಂಬೋರ್’ ಎಂದು ಮಾರಿದರು. ಇಂಗ್ಲೆಂಡಿನಲ್ಲಿ ಅದು ‘ಲಾ ಕಾಫೆತಿಯೇರ್’ ಎಂಬ ಹೆಸರಿನಿಂದ ಮನೆಮನೆಗೆ ಹೋಯಿತು. ಬಳಿಕ ಡೆನ್ಮಾರ್ಕಿನಲ್ಲಿ ೧೯೪೪ರಲ್ಲಿ ಸ್ಥಾಪಿತವಾದ ಬೋಡಮ್ ಸಂಸ್ಥೆ ೧೯೭೪ರಲ್ಲಿ ಅಗ್ಗವಾದ ‘ಬಿಸ್ಟ್ರೋ’ ಮಾದರಿಯನ್ನು ತಂದಿತು. ಶಾಂಬೋರ್ ಮಾದರಿಯೂ ಮುಂದೆ ಅದರ ಕೈಸೇರಿತು.

ಹೆಸರುಗಳ ಗೊಂದಲವನ್ನೂ ನೋಡಿರಿ. ಅಮೆರಿಕದಲ್ಲಿ ಇದು ಫ್ರೆಂಚ್ ಪ್ರೆಸ್. ಇಂಗ್ಲೆಂಡಿನಲ್ಲಿ ಕಾಫೆತಿಯೇರ್, ಅದು ಫ್ರೆಂಚ್ ಶಬ್ದ, ಆದರೆ ಫ್ರಾನ್ಸಿನಲ್ಲಿ ಆ ಶಬ್ದಕ್ಕೆ ಯಾವುದೇ ಕಾಫಿ ಪಾತ್ರೆಯೆಂದಷ್ಟೇ ಅರ್ಥ. ಫ್ರೆಂಚರು ಇದನ್ನು ‘ಪಿಸ್ಟನ್ನಿನ ಕಾಫಿ ಪಾತ್ರೆ’ ಎನ್ನುತ್ತಾರೆ. ಇಟಲಿಯವರ ಮಾತಿಗೂ ಅದೇ ಅರ್ಥ. ಆಸ್ಟ್ರೇಲಿಯದಲ್ಲಿ ಬರಿದೇ ‘ಪ್ಲಂಜರ್’, ಎಂದರೆ ಒತ್ತುಗೋಲು. ‘ಫ್ರೆಂಚ್’ ಎಂಬ ವಿಶೇಷಣ ಅಂಟಿಕೊಂಡದ್ದು ಹೊರಗಿನವರ ಬಾಯಲ್ಲಿಯೇ ಹೊರತು ಫ್ರೆಂಚರ ಬಾಯಲ್ಲಲ್ಲ.

ಹಾಗಾದರೆ ಈ ಪಾತ್ರೆ ಯಾರದು? ಭಾವನೆಯನ್ನು ಪ್ಯಾರಿಸಿನ ಇಬ್ಬರು ೧೮೫೨ರಲ್ಲಿ ದಾಖಲಿಸಿದರು, ಅಂಚನ್ನು ಮಿಲಾನಿನ ಇಬ್ಬರು ೧೯೨೯ರಲ್ಲಿ ಸರಿಪಡಿಸಿದರು, ಇಂದಿನ ರೂಪವನ್ನು ಸ್ವಿಟ್ಜರ್ಲೆಂಡಿನವನೊಬ್ಬ ೧೯೫೮ರಲ್ಲಿ ಕೊಟ್ಟನು, ಗಾಜು ಜರ್ಮನಿಯ ವಿದ್ಯೆ, ಪ್ರಸಾರ ಡೆನ್ಮಾರ್ಕಿನದು, ಹೆಸರು ಪರಭಾಷೆಯವರದು. ಇಷ್ಟು ಜನರಲ್ಲಿ ಒಬ್ಬನನ್ನೇ ಪಿತನೆಂದು ನಿಲ್ಲಿಸಿದರೆ ಉಳಿದವರಿಗೆ ಅನ್ಯಾಯ. ‘ಇದು ನಮ್ಮದು’ ಎಂಬ ಅಭಿಮಾನವು ತಪ್ಪಲ್ಲ. ಆದರೆ ‘ಇದು ನಮ್ಮದು ಮಾತ್ರ’ ಎಂದೊಡನೆ ಚರಿತ್ರೆ ಮುಗಿದು ಜಗಳ ಆರಂಭವಾಗುತ್ತದೆ.

ಪರರ ಕಥೆಗೆ ಹಿಡಿದ ಅಳತೆಗೋಲನ್ನು ನಮ್ಮ ಕಥೆಗೂ ಹಿಡಿಯಬೇಕಷ್ಟೆ. ಕನ್ನಡನಾಡಿಗೆ ಕಾಫಿ ಬಂದ ವೃತ್ತಾಂತ ಪ್ರತಿಯೊಬ್ಬ ವಿದ್ಯಾರ್ಥಿಗೂ ಗೊತ್ತು. ಬಾಬಾ ಬುಡನ್ ಎಂಬ ಸಂತರು ಹದಿನೇಳನೆಯ ಶತಮಾನದಲ್ಲಿ ಮೆಕ್ಕಾ ಯಾತ್ರೆಯಿಂದ ಹಿಂದಿರುಗುವಾಗ ಯೆಮೆನಿನ ಮೋಕಾ ರೇವಿನಿಂದ ಏಳು ಬೀಜಗಳನ್ನು ಗುಟ್ಟಾಗಿ ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಪರಂಪರೆ. ಇದರಲ್ಲಿ ಎರಡು ಪದರಗಳುಂಟು. ಬೀಜಗಳು ಏಳೇ, ಗುಟ್ಟಾಗಿಯೇ ಎಂಬುದು ‘ಅಂತೆ’ಯ ಪದರ, ಅದನ್ನು ಕಥೆಯೆಂದೇ ಪ್ರೀತಿಯಿಂದ ಹೇಳಬೇಕು. ಆ ಗಿರಿಗೆ ಅವರ ಹೆಸರು ನಿಂತಿರುವುದು, ಆ ಬೆಟ್ಟದ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಯುರೋಪಿಯನ್ನರ ದೊಡ್ಡ ತೋಟಗಳು ಎದ್ದದ್ದು, ಇವು ಕಾಣುವ ಪದರ. ಹೀಗೆ ಬೇರ್ಪಡಿಸಿದರೆ ಸಂತರ ಮಹಿಮೆಗೆ ಕುಂದಿಲ್ಲ. ವಿದ್ಯಾರ್ಥಿಯ ಬುದ್ಧಿಗೆ ಲಾಭವುಂಟು.

ಕಾಫಿಯ ಗಿಡ ಆಡಳಿತದ ಗಡಿಯನ್ನು ಅರಿಯದು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಕೊಡಗು, ವಯನಾಡು, ನೀಲಗಿರಿಗಳಲ್ಲಿ ತೋಟಗಳು ಹಬ್ಬಿದವು. ೧೮೬೯ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ದಕ್ಷಿಣ ಭಾರತಕ್ಕೂ ಹರಡಿ ಅನೇಕ ತೋಟಗಳನ್ನು ಹಾಳುಮಾಡಿತು. ೧೯೫೬ರ ನವೆಂಬರ್ ೧ರಂದು ವಯನಾಡು ಕೇರಳಕ್ಕೆ ಸೇರಿತು, ಕೊಡಗು ಮೈಸೂರಿಗೆ ಸೇರಿತು, ನೀಲಗಿರಿ ಮದರಾಸಿನಲ್ಲಿಯೇ ಉಳಿಯಿತು. ಮಳೆಯೂ ಮಣ್ಣೂ ಇದ್ದಲ್ಲೇ ಇದ್ದವು. ೨೦೧೯ರಲ್ಲಿ ಭೌಗೋಳಿಕ ಗುರುತು ಪಡೆದ ಐದು ಕಾಫಿಗಳಲ್ಲಿ ಕೊಡಗಿನ ಮತ್ತು ಚಿಕ್ಕಮಗಳೂರಿನ ಅರೇಬಿಕಾ, ಬಾಬಾಬುಡನ್‌ಗಿರಿಯ ಅರೇಬಿಕಾ ಇವುಗಳ ಜೊತೆಗೆ ವಯನಾಡಿನ ರೋಬಸ್ಟಾ ಕೂಡ ಇದೆ. ಐದನೆಯದು ಆಂಧ್ರದ ಅರಕು ಕಣಿವೆಯದು. ‘ಮಾನ್ಸೂನ್ಡ್ ಮಲಬಾರ್’ ಎಂಬ ಕಾಫಿಯ ಕಥೆ ಇನ್ನೂ ಸ್ವಾರಸ್ಯಕರ. ಹಾಯಿಹಡಗಿನ ಕಾಲದಲ್ಲಿ ಬೀಜಗಳು ತಿಂಗಳುಗಟ್ಟಲೆ ಕಡಲಗಾಳಿಯ ತೇವ ಹೀರಿ ಹಳದಿಯಾಗಿ ಊದಿ ಯುರೋಪು ಸೇರುತ್ತಿದ್ದವು. ಉಗಿಹಡಗು ಬಂದು, ೧೮೬೯ರಲ್ಲಿ ಸೂಯೆಜ್ ಕಾಲುವೆ ತೆರೆದು, ಪ್ರಯಾಣ ಚಿಕ್ಕದಾದಾಗ ಆ ರುಚಿ ತಪ್ಪಿಹೋಯಿತು. ಅದನ್ನು ಮರಳಿ ಪಡೆಯಲೆಂದು ಕರಾವಳಿಯ ಉಗ್ರಾಣಗಳಲ್ಲಿ ಬೀಜವನ್ನು ಮುಂಗಾರಿನ ಗಾಳಿಗೆ ಒಡ್ಡುವ ಪದ್ಧತಿ ಬೆಳೆಯಿತು. ಹೆಸರು ಮಲಬಾರಿನದು, ಕೆಲಸ ನಡೆಯುವ ಪ್ರಧಾನ ಸ್ಥಳ ಮಂಗಳೂರು. ಹೆಸರೇ ಚರಿತ್ರೆಯಲ್ಲವೆಂಬುದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ.

ಇನ್ನು ಪಾತ್ರೆಯ ಬಳಕೆಯ ಮಾತು. ಒಂದು ಲೀಟರು ನೀರಿಗೆ ಸುಮಾರು ೬೦ ಗ್ರಾಂ ಪುಡಿ ಸಾಮಾನ್ಯವಾದ ಅಳತೆ. ಪುಡಿ ದಪ್ಪ ರವೆಯಂತಿರಬೇಕು. ನಮ್ಮ ಫಿಲ್ಟರಿಗೆಂದು ಬೀಸಿದ ನಯವಾದ ಪುಡಿ ಜಾಲರಿಯಲ್ಲಿ ನುಸುಳುತ್ತದೆ, ಇಲ್ಲವೆ ಕಟ್ಟಿಕೊಳ್ಳುತ್ತದೆ; ಆಗ ಬಲವಾಗಿ ಒತ್ತಿದರೆ ಬಿಸಿಕಾಫಿ ಸಿಡಿಯುವ, ಗಾಜು ಒಡೆಯುವ ಅಪಾಯ ಉಂಟು. ಚಿಕೋರಿ ಬೆರೆತ ಪುಡಿಯೂ ಇದಕ್ಕೆ ಹೊಂದದು. ನೀರಿನ ಶಾಖ ೯೨ರಿಂದ ೯೬ ಡಿಗ್ರಿ ಸೆಂಟಿಗ್ರೇಡ್ ಇದ್ದರೆ ಉತ್ತಮ. ನಾಲ್ಕು ನಿಮಿಷದ ಬಳಿಕ ಮೆಲ್ಲನೆ ಒತ್ತಿ, ಆಗಲೇ ಬಗ್ಗಿಸಬೇಕು. ಪಾತ್ರೆಯಲ್ಲೇ ಬಿಟ್ಟರೆ ಚರಟದ ಕಹಿ ಇಳಿಯುತ್ತಲೇ ಇರುತ್ತದೆ. ಫಿಲ್ಟರಿನ ಡಿಕಾಕ್ಷನ್ನಿನಷ್ಟು ಗಟ್ಟಿಯಾದದ್ದು ಇದರಿಂದ ಸಿಗದು. ಮುಕ್ಕಾಲು ಪಾಲು ಹಾಲು ಬೆರೆಸುವವರಿಗೆ ಇದು ನೀರಾಗಿ ತೋರುವುದು ಸಹಜ. ಹಾಲಿಲ್ಲದೆ, ಅಥವಾ ಅತ್ಯಲ್ಪ ಹಾಲಿನೊಡನೆ ಕುಡಿಯುವವರಿಗಾಗಿ ಹುಟ್ಟಿದ ಪಾತ್ರೆ ಇದು.

ಶಾಖದ ವಿಷಯದಲ್ಲಿ ಉಪಾಧ್ಯಾಯರಿಗೆ ಒಂದು ಒಳ್ಳೆಯ ಪಾಠ ಸಿಗುತ್ತದೆ. ಸಮುದ್ರಮಟ್ಟದಿಂದ ಸುಮಾರು ೩೦೦ ಮೀಟರು ಏರಿದಂತೆಲ್ಲ ನೀರಿನ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಕಾಸರಗೋಡಿನ ಕಡಲತಡಿಯಲ್ಲಿ ನೀರು ೧೦೦ ಡಿಗ್ರಿಗೆ ಕುದಿದರೆ, ಸೊಲ್ಲಾಪುರದಲ್ಲಿ ಸುಮಾರು ೯೮ೂವರೆಗೆ, ಹೊಸೂರಿನಲ್ಲಿ ೯೭ರ ಸುಮಾರಿಗೆ, ೨,೨೪೦ ಮೀಟರು ಎತ್ತರದ ಉದಕಮಂಡಲದಲ್ಲಿ ೯೨-೯೩ಕ್ಕೇ ಕುದಿಯುತ್ತದೆ. ಕಾಸರಗೋಡಿನವರು ನೀರನ್ನು ಒಲೆಯಿಂದಿಳಿಸಿ ಸ್ವಲ್ಪ ಹೊತ್ತು ಕಾಯಬೇಕು. ಉದಕಮಂಡಲದವರು ಕುದಿಯುವ ನೀರನ್ನೇ ಹೊಯ್ಯಬಹುದು. ಒಂದೇ ಪಾತ್ರೆ, ಒಂದೇ ಪುಡಿ, ಊರು ಬೇರೆಯಾದರೆ ವಿಧಿಯೂ ಬೇರೆ.

ಆರೋಗ್ಯದ ಬಗ್ಗೆ ಒಂದು ಮಾತನ್ನು ಸೇರಿಸುವುದು ಉಚಿತ. ಕಾಫಿ ಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಎಂಬ ದ್ರವ್ಯವುಂಟು. ಅದು ರಕ್ತದಲ್ಲಿ ಕೊಲೆಸ್ಟರಾಲನ್ನು ಏರಿಸುತ್ತದೆ. ನಾರ್ವೆ ದೇಶದ ಟ್ರೋಮ್ಸೋದಲ್ಲಿ ನಡೆದು ೧೯೮೩ರಲ್ಲಿ ಪ್ರಕಟವಾದ ಅಧ್ಯಯನ ಕಾಫಿ ಮತ್ತು ಕೊಲೆಸ್ಟರಾಲಿನ ಸಂಬಂಧವನ್ನು ಎತ್ತಿ ತೋರಿತು; ಕಾರಣದ್ರವ್ಯವನ್ನು ಮುಂದಿನ ಸಂಶೋಧನೆಗಳು ಗುರುತಿಸಿದವು. ಮೆಲಿಟ್ಟಾಳ ಕಾಗದ ಆ ಎಣ್ಣೆಯನ್ನು ಹಿಡಿದಿಡುತ್ತದೆ, ತಂತಿಜಾಲರಿ ಬಿಟ್ಟುಬಿಡುತ್ತದೆ. ಕೊಲೆಸ್ಟರಾಲ್ ಹೆಚ್ಚಿರುವವರು ಫ್ರೆಂಚ್ ಪ್ರೆಸ್ಸಿನ ಕಾಫಿಯನ್ನು ನಿತ್ಯವೂ ಬಹಳವಾಗಿ ಕುಡಿಯದಿರುವುದು ಲೇಸು.

ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಗಡಿಸೀಮೆಯ ನಮ್ಮ ಮನೆಗಳಲ್ಲಿ ಒಂದೇ ಪಾತ್ರೆಗೆ ಎರಡು ಮೂರು ಭಾಷೆಗಳ ಹೆಸರುಗಳಿರುವುದು ಸಾಮಾನ್ಯ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಒಂದು ಪಾತ್ರೆಯನ್ನು ಆರಿಸಿಕೊಂಡು ಅದರ ಚರಿತ್ರೆಯನ್ನು ಒಂದು ಪುಟದಲ್ಲಿ ಬರೆದು ತರಲಿ. ಅದು ಯಾವ ಊರಿನಿಂದ, ಯಾರ ಕಾಲದಲ್ಲಿ ಮನೆಗೆ ಬಂದಿತು. ಅಜ್ಜಿ ಅದನ್ನು ಏನೆಂದು ಕರೆಯುತ್ತಾರೆ, ನೆರೆಮನೆಯವರು ಏನೆಂದು ಕರೆಯುತ್ತಾರೆ. ಮೇಲೆ ಕೊರೆದ ಹೆಸರೋ ಇಸವಿಯೋ ಉಂಟೇ ಎಂಬುದನ್ನು ಕೇಳಿ ತಿಳಿಯಲಿ. ಪುಟದ ಎಡಭಾಗದಲ್ಲಿ ತಾನು ಕಣ್ಣಾರೆ ಕಂಡದ್ದನ್ನೂ, ಬಲಭಾಗದಲ್ಲಿ ‘ಅ��ತೆ’ ಎಂದು ಕೇಳಿದ್ದನ್ನೂ ಬರೆಯಲಿ. ಹತ್ತು ಮಕ್ಕಳ ಹತ್ತು ಪುಟಗಳನ್ನು ಒಟ್ಟಿಗೆ ಇಟ್ಟು ಓದಿದರೆ, ಒಂದೂರಿನ ಮನೆಗಳಿಗೆ ಎಷ್ಟು ಊರುಗಳ ಕೈಗೆಲಸ ಸೇರಿದೆಯೆಂಬುದು ತರಗತಿಗೆ ತಾನಾಗಿಯೇ ತಿಳಿಯುವುದು.